ಹತ್ತನೆಯ ಹಾಡಿನ ಟಿಪ್ಪಣಿ

ಒಸಾಕಾದಿಂದ ಒಬ್ಬ ಮಹಾನುಭಾವರು ಪತ್ರ ಬರೆದಿದ್ದಾರೆ. 'ಲಿಲ್ಲಾ ಬ್ರೂನ್' ಎಂಬ ಸ್ವೀಡನ್ನಿನ ನಾಲ್ಕು ಜನರ ಹಾಡುಗುಂಪು 1993ರಲ್ಲಿ ತಂದ 'ಏಪ್ರಿಲ್ಲಿನ ಕೊಡೆ' ಎಂಬ ಡಿಸ್ಕು ಯಾವ ಯಾವ ದೇಶದಲ್ಲಿ ಯಾವ ಯಾವ ರೂಪದಲ್ಲಿ ಬಂತು ಎಂದು ಪಟ್ಟಿ ಮಾಡುವುದೇ ಅವರ ಹವ್ಯಾಸವಂತೆ. ಸ್ವೀಡನ್ನಿನದರಲ್ಲಿ ಹತ್ತು ಹಾಡು, ಮುಖಪುಟದಲ್ಲಿ ದೋಣಿಕಟ್ಟೆ. ಜರ್ಮನಿಯದರಲ್ಲಿ ದೋಣಿಕಟ್ಟೆ ಹೋಗಿ ನಾಲ್ಕು ಮುಖ ಬಂದಿವೆ. ಇಂಗ್ಲೆಂಡಿನದರಲ್ಲಿ ಹಾಡುಗಳ ಸರದಿ ಹಿಂದುಮುಂದು. ನಮ್ಮ ಜಪಾನಿನದರಲ್ಲಿ ಹತ್ತನೆಯ ಹಾಡು ಇಲ್ಲ, ಬದಲಿಗೆ ಬೇರೆ ಎರಡು ಹಾಡು ಸೇರಿವೆ, ಜೊತೆಗೆ ಕಂಪನಿಯ ಕ್ಷಮಾಪಣೆ ಚೀಟಿ. ಇಷ್ಟೂ ಅವರಿಗೆ ಗೊತ್ತು. ಆದರೆ ಹಳೆಯ ಮಾಲಿನಲ್ಲಿ ಸಿಕ್ಕ ಒಂದು ಪ್ರತಿಯಲ್ಲಿ ಇನ್ನೊಂದು ಚೀಟಿ ಇದೆಯಂತೆ, ಮೊರಿಯೊಕಾ ಊರಿನ ನನ್ನ ಅಂಗಡಿಯ ಮೊಹರು ಬಿದ್ದದ್ದು. 'ಮೊರಿಯೊಕಾ ಆವೃತ್ತಿ ಎಂದು ಒಂದಿದೆಯೇ? ಎಷ್ಟು ಪ್ರತಿ? ದಯವಿಟ್ಟು ವಿವರ ತಿಳಿಸಿ.'

ಅವರಿಗೆ ಎರಡು ಸಾಲಿನಲ್ಲಿ ಉತ್ತರಿಸಲು ಕೂತೆ, ಆಗಲಿಲ್ಲ. ಆ ಚೀಟಿಯ ವಿವರ ಹೇಳಬೇಕಾದರೆ ಸವಾಗುಚಿ ಮಿತ್ಸುಯೆ ಅವರ ವಿವರ ಹೇಳಬೇಕು.

ಮಿತ್ಸುಯೆ ಅವರ ಮನೆ ನಾಕಾತ್ಸು ಹೊಳೆಯ ಆಚೆ ದಡದಲ್ಲಿತ್ತು, ನನ್ನ ರೆಕಾರ್ಡ್ ಅಂಗಡಿ ಈಚೆ ದಡದಲ್ಲಿ. ಮನೆಯ ಕೆಳಗೆ ಅವರ ಅಪ್ಪನ ಸೊಬಾ ಶಾವಿಗೆಯ ಹೋಟೆಲು. ಅಪ್ಪ ತೀರಿಕೊಂಡ ಮೇಲೆ ಹೋಟೆಲು ಕೈಬದಲಾಯಿತು, ಮೇಲಿನ ಎರಡು ಕೋಣೆ ಮಗಳಿಗೆ ಉಳಿದವು. ಹುಡುಗಿಯರ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು, ಹಾಗಾಗಿ ಎಲ್ಲರಿಗೂ ಅವರು 'ಸೆನ್ಸೇ', ಎಂದರೆ ಟೀಚರು. ಮದುವೆ ಆಗಲಿಲ್ಲ, ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಪ್ರತಿ ಗುರುವಾರ ಮಧ್ಯಾಹ್ನ ಸೇತುವೆ ದಾಟಿ ಬಂದು ನನ್ನ ಅಂಗಡಿಯ ಒಲೆಯ ಪಕ್ಕ ಕೂತು ಹೊಸ ಡಿಸ್ಕು ಕೇಳುವರು. ಇಪ್ಪತ್ತೆರಡು ವರ್ಷದಲ್ಲಿ ಗುರುವಾರ ಬಿಟ್ಟು ಬೇರೆ ದಿನ ಬಂದದ್ದು ಒಂದೇ ಸಲ.

ಪಾಠ ಹೊಟ್ಟೆಪಾಡು. ಅವರ ನಿಜವಾದ ಕಸುಬು ಟಿಪ್ಪಣಿ. ನಮ್ಮಲ್ಲಿ ಹೊರದೇಶದ ಡಿಸ್ಕು ಬರಿಮೈಯಲ್ಲಿ ಅಂಗಡಿಗೆ ಬರುವ ಹಾಗಿಲ್ಲ. ಸೊಂಟಕ್ಕೆ ಕಾಗದದ ಪಟ್ಟಿ ಬೇಕು, ಒಳಗೆ ಹಾಡುಗಳ ಅನುವಾದ ಬೇಕು, ಮತ್ತು ಬಲ್ಲವರೊಬ್ಬರು ಒಂದೊಂದು ಹಾಡಿನ ಬಗ್ಗೆಯೂ ಬರೆದ ಟಿಪ್ಪಣಿ ಬೇಕೇ ಬೇಕು. ಪಟ್ಟಿ ಹರಿದಿದ್ದರೆ ಗಿರಾಕಿ ಡಿಸ್ಕನ್ನು ಮುಟ್ಟುವುದಿಲ್ಲ. ಟಿಪ್ಪಣಿ ಓದದೆ ಹಾಡು ಹಾಕುವುದಿಲ್ಲ. ಬೇರೆ ದೇಶದವರು ಕಿವಿಯಿಂದ ಶುರು ಮಾಡುತ್ತಾರೆ, ನಾವು ಕಣ್ಣಿನಿಂದ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿಲ್ಲ, ಮೂವತ್ತು ವರ್ಷ ಗಲ್ಲಾದ ಹಿಂದೆ ಕೂತು ನೋಡಿದ್ದನ್ನು ಹೇಳುತ್ತಿದ್ದೇನೆ.

ಟಿಪ್ಪಣಿ ಬರೆಯುವವರು ಬಹಳ ಜನ ಇದ್ದರು, ಎಲ್ಲ ಟೋಕಿಯೋದವರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುವರು: ಇಂಪಾಗಿದೆ, ಹೊಸತನವಿದೆ, ಮತ್ತೆ ಮತ್ತೆ ಕೇಳಬೇಕೆನಿಸುತ್ತದೆ. ಯಾವ ಹಾಡಿನದನ್ನು ಯಾವ ಹಾಡಿಗೆ ಅಂಟಿಸಿದರೂ ನಡೆಯುತ್ತಿತ್ತು. ಮಿತ್ಸುಯೆ ಹಾಗಲ್ಲ. ಎರಡನೆಯ ಚರಣದಲ್ಲಿ ಡೋಲಿನವನು ಒಂದು ಏಟು ತಡ ಮಾಡಿದರೆ ಅದನ್ನೂ ಬರೆಯುವರು. ಒಂದೊಂದು ಹಾಡನ್ನೂ ಮೂರು ಸಲ ಪೂರ್ತಿ ಕೇಳದೆ ಪೆನ್ನು ಎತ್ತುತ್ತಿರಲಿಲ್ಲ. 'ನಮ್ಮಪ್ಪ ಸಾರು ರುಚಿ ನೋಡದೆ ಯಾರಿಗೂ ಬಡಿಸಿದವ್ರಲ್ಲ' ಎನ್ನುವರು. ಆ ಮಾತನ್ನು ಎಷ್ಟು ಸಲ ಕೇಳಿದ್ದೆನೆಂದರೆ, ಅವರು 'ನಮ್ಮಪ್ಪ' ಎನ್ನುತ್ತಲೇ ನಾನು 'ಸಾರು' ಎಂದು ಮುಗಿಸಿ ರೇಗಿಸುತ್ತಿದ್ದೆ.

'ಏಪ್ರಿಲ್ಲಿನ ಕೊಡೆ'ಯ ಟಿಪ್ಪಣಿಯೂ ಅವರದೇ. ಅದರ ಕೊನೆಯ ಪ್ಯಾರಾ ನನಗೆ ಬಾಯಿಪಾಠ. 'ಹತ್ತನೆಯ ಹಾಡು ಅವರ ತಾಯ್ನುಡಿಯಲ್ಲಿದೆ. ಕೊನೆಗೆ ಬರುತ್ತಾ ವಾದ್ಯಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ದೂರದ ಕೋಣೆಯಿಂದ ಮಗುವೊಂದು ಎಣಿಸುವುದು ಕೇಳುತ್ತದೆ. ಏಳರವರೆಗೆ ಎಣಿಸಿ ನಿಲ್ಲಿಸುತ್ತದೆ. ಎಂಟಕ್ಕಾಗಿ ನಾವು ಕಾಯುತ್ತಿರುವಾಗಲೇ ಡಿಸ್ಕು ಮುಗಿದಿರುತ್ತದೆ.' ಇದನ್ನು ಗಟ್ಟಿಯಾಗಿ ಓದಿ ಹೇಳಿ ನಾನು ಎಷ್ಟೋ ಪ್ರತಿ ಮಾರಿದೆ. ಮಾರಿದ ಮೇಲೆ ಗಿರಾಕಿ ಒಳಗಿನ ಕ್ಷಮಾಪಣೆ ಚೀಟಿ ನೋಡುವನು. ಕೊನೆಯ ಗಳಿಗೆಯಲ್ಲಿ ಕಂಪನಿಯವರು ಆ ಹಾಡನ್ನು ತೆಗೆದಿದ್ದರು. ಟಿಪ್ಪಣಿ ಆಗಲೇ ಅಚ್ಚಾಗಿತ್ತು. 'ಹತ್ತನೆಯ ಹಾಡು ನಮ್ಮ ಆವೃತ್ತಿಯಲ್ಲಿ ಇರುವುದಿಲ್ಲ. ಓದುಗರಿಗೆ ಆದ ಗೊಂದಲಕ್ಕೆ ಕ್ಷಮೆ ಕೋರುತ್ತೇವೆ.' ಹೀಗೆ ಡಿಸ್ಕಿನಲ್ಲಿಲ್ಲದ ಹಾಡಿಗೆ ಟಿಪ್ಪಣಿ ಉಳಿಯಿತು. ಚೀಟಿ ಸೇರಿಸಿ ತಲೆ ಬಗ್ಗಿಸಿಬಿಟ್ಟರೆ ಎಲ್ಲ ಸರಿಹೋಯಿತು ಎನ್ನುವ ಜನ ನಾವು.

1999ರ ಅಕ್ಟೋಬರಿನಲ್ಲಿ ಕುಮಗಾಯಿ ಹಾತ್ಸು ಎಂಬ ಹೆಂಗಸು ಅಂಗಡಿಗೆ ಬಂದರು. ಐವತ್ತೆಂಟು ವಯಸ್ಸು, ಗಿಡ್ಡ, ಅಗಲ ಭುಜ. ಕಬ್ಬಿಣದ ಚಹಾ ಕೆಟಲು ಎರಕ ಹೊಯ್ಯುವ ಕಾರ್ಖಾನೆಯಲ್ಲಿ ಕೆಟಲಿನ ಅಂಚು ಉಜ್ಜಿ ನಯ ಮಾಡುವ ಕೆಲಸ, ಮೂವತ್ತನಾಲ್ಕು ವರ್ಷ. ಕಿರುಚುವ ಸಾಣೆಕಲ್ಲಿನ ಮುಂದೆ ಕೂತು ಕೂತು ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಹೋಗುತ್ತಿತ್ತು. ಎಲ್ಲವನ್ನೂ ಜಗಳಕ್ಕೆ ನಿಂತವರ ಹಾಗೆ ಜೋರಾಗಿ ಹೇಳುವರು. ಕೈಚೀಲದಿಂದ ಆ ಟಿಪ್ಪಣಿ ಪುಸ್ತಿಕೆ ತೆಗೆದರು. ಮಡಿಕೆಯ ಜಾಗ ಹರಿದು ಪಟ್ಟಿ ಹಚ್ಚಿದ್ದರು.

'ಅಂಗಡಿಯವ್ರೇ, ಈ ಹತ್ತನೇ ಹಾಡು ಇರೋ ಡಿಸ್ಕು ನಂಗೆ ಬೇಕು. ಎಲ್ಲಿಂದಾದ್ರೂ ತರ್ಸಿಕೊಡಿ.'

ಸ್ವೀಡನ್ನಿನದೇ ಆಗಬೇಕು, ಹುಡುಕಬೇಕು, ತಡ ಆಗುತ್ತದೆ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ತಡ ಆಗುವ ಹಾಗಿಲ್ಲ ಎಂದರು. ಮೊದಲು ಹೋಗುವುದು ಸಣ್ಣ ದನಿಗಳೇ ಅಂತೆ. ಗುಬ್ಬಿ ಹೋಯಿತು, ಬಾಗಿಲ ಗಂಟೆ ಹೋಯಿತು, ಮಕ್ಕಳ ಮಾತು ಹೋಗುತ್ತಾ ಇದೆ ಎಂದು ಡಾಕ್ಟರು ಹೇಳಿದ್ದರು. ಮಗಳ ಮನೆಗೆ ಹೋದರೆ ಮೊಮ್ಮಗಳ ಬಾಯಿ ಆಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಆದರೆ ಒಳ್ಳೆಯ ಸ್ಪೀಕರಿನ ಮುಂದೆ ಎಡಗಿವಿ ಇಟ್ಟರೆ ಇನ್ನೂ ಏನೇನೋ ಸಿಗುತ್ತದೆ. 'ಒಂದ್ಸಲ ಒಂದು ಮಗು ಎಣ್ಸೋದು ಕೇಳ್ಬೇಕು. ಈಗ್ಲೇ ಕೇಳ್ಬೇಕು. ಆಮೇಲೆ ಹೋದ್ರೆ ಹೋಗ್ಲಿ.'

ನನ್ನದು ಮೂಗಿನ ತುದಿಯಲ್ಲಿ ಕೋಪ ಇರುವ ಸ್ವಭಾವ, ಗಿರಾಕಿಗಳಿಗೆ ಗೊತ್ತು. ಆ ದಿನ ಮಾತ್ರ ಮೆತ್ತಗಾಗಿಬಿಟ್ಟೆ. ಸ್ವೀಡನ್ನಿನ ಯೊತೆಬೋರಿಯ ಒಂದು ಅಂಗಡಿಗೆ ಬರೆದೆ. ಐದು ವಾರಕ್ಕೆ ಡಿಸ್ಕು ಬಂತು, ಮುಖಪುಟದಲ್ಲಿ ದೋಣಿಕಟ್ಟೆ, ಸೊಂಟಕ್ಕೆ ಪಟ್ಟಿ ಇಲ್ಲ, ಒಳಗೆ ಟಿಪ್ಪಣಿ ಇಲ್ಲ.

ಬಂದದ್ದು ಗುರುವಾರವೇ. ಮಿತ್ಸುಯೆ ಒಲೆಯ ಪಕ್ಕ ಕೂತಿದ್ದರು. ಹಾತ್ಸು ಅವರ ಕಥೆಯನ್ನೆಲ್ಲ ಹೇಳಿ, ನೀವು ಬರೆದದ್ದನ್ನು ಆರು ವರ್ಷ ಕೈಚೀಲದಲ್ಲಿ ಇಟ್ಟುಕೊಂಡು ತಿರುಗಿದ ಓದುಗರು ಸಿಕ್ಕಿದ್ದಾರೆ, ಶನಿವಾರ ಹತ್ತು ಗಂಟೆಗೆ ಬರುತ್ತಾರೆ, ನೀವೂ ಬನ್ನಿ ಎಂದೆ. ಮೆಚ್ಚುಗೆಗೆ ನಾಚುತ್ತಾರೆ ಎಂದುಕೊಂಡಿದ್ದೆ. ಅವರು ಚಹಾದ ಬಟ್ಟಲನ್ನು ನೆಲದ ಮೇಲಿಟ್ಟು, ಆ ಡಿಸ್ಕನ್ನು ವಾಪಸು ಕಳಿಸಲು ಆಗುತ್ತದೆಯೇ ಎಂದರು.

ಯಾಕೆ ಎಂದೆ. ಅವರು ಹೇಳಿದರು. ಕಂಪನಿಯವರು ಕಳಿಸುತ್ತಿದ್ದದ್ದು ಟೇಪು. ಆ ಸಲ ಟೇಪು ಗಿಡ್ಡವಾಗಿ, ಹತ್ತನೆಯ ಹಾಡು ಅರ್ಧ ನಿಮಿಷಕ್ಕೇ ಮುಗಿದುಹೋಗಿತ್ತು. ಟಿಪ್ಪಣಿ ಮಾರನೆಯ ದಿನ ಮಧ್ಯಾಹ್ನದೊಳಗೆ ಫ್ಯಾಕ್ಸ್ ಆಗಬೇಕು. ಒಂದು ಸಲ ಫೋನು ಮಾಡಿದರು, ಸಂಬಂಧಪಟ್ಟವರು ಸಭೆಯಲ್ಲಿದ್ದರು. ಮತ್ತೆ ಮಾಡಲಿಲ್ಲ. ದೂರದ ಊರಿನಲ್ಲಿ ಕೂತು ಬರೆಯುವವರಿಂದ ತೊಂದರೆ, ಟೋಕಿಯೋದವರಾದರೆ ಕಚೇರಿಗೇ ಬಂದು ಕೇಳಿ ಹೋಗುತ್ತಾರೆ ಎಂಬ ಮಾತು ಆಗಲೇ ಅವರ ಕಿವಿಗೆ ಬಿದ್ದಿತ್ತು. ಹಾಗಾಗಿ ಕೇಳದ ಉಳಿದ ಹಾಡನ್ನು ತಲೆಯಲ್ಲೇ ಕಟ್ಟಿ ಬರೆದರು. ಸಂಜೆಯ ಹೊತ್ತಿಗೆ ಪಶ್ಚಾತ್ತಾಪ ಆಯಿತು, ಅಷ್ಟರಲ್ಲಿ ಅಚ್ಚಿಗೆ ಹೋಗಿತ್ತು. ಆಮೇಲೆ ಹಾಡೇ ಬಿಟ್ಟುಹೋಯಿತು ಎಂದು ಸುದ್ದಿ ಬಂದಾಗ, ಬದುಕಿಕೊಂಡೆ ಎನಿಸಿತಂತೆ.

'ರುಚಿ ನೋಡದೆ ಬಡಿಸ್ಬಿಟ್ಟೆ' ಎಂದರು.

ನನಗೆ ಸಿಟ್ಟು ಬಂತು. ಐನೂರು ಟಿಪ್ಪಣಿ ಬರೆದವರು. ಅದರಲ್ಲಿ ನಾನು ಬಾಯಿಪಾಠ ಮಾಡಿದ್ದು ಒಂದೇ ಪ್ಯಾರಾ, ಅದೇ ಸುಳ್ಳು. ಬೈಯಬೇಕು ಎನಿಸಿತು. ಬೈಯಲಿಲ್ಲ. ಬೈಯುವುದಕ್ಕಿಂತ ಕೆಟ್ಟ ಕೆಲಸ ಮಾಡಿದೆ, ಉಪಾಯ ಹೇಳಿದೆ.

'ಸೆನ್ಸೇ, ಸುಮ್ನಿರಿ. ಆಯಮ್ಮನಿಗೆ ಸಣ್ಣ ದನಿ ಕೇಳ್ಸೋದೇ ಇಲ್ಲ. ಮಗು ಇದ್ರೂ ಒಂದೇ, ಇಲ್ದಿದ್ರೂ ಒಂದೇ. ತನ್ನ ಕಿವೀದೇ ತಪ್ಪು ಅಂದ್ಕೊಳ್ತಾರೆ, ಅಷ್ಟೆ.'

ಮಿತ್ಸುಯೆ ಕೋಟು ಹಾಕಿಕೊಂಡು ಹೋದರು. ಹೂಂ ಎಂದರೋ ಊಹೂಂ ಎಂದರೋ ನನಗೆ ತಿಳಿಯಲಿಲ್ಲ, ಹೂಂ ಎಂದೇ ಇಟ್ಟುಕೊಂಡೆ.

ಶನಿವಾರ ಹಾತ್ಸು ಹತ್ತಕ್ಕೆ ಮುಂಚೆಯೇ ಬಂದರು. ಮದುವೆಮನೆಗೆ ಹೊರಟವರ ಹಾಗೆ ಕೂದಲು ಬಾಚಿ, ಒಳ್ಳೆಯ ಕೋಟು ಹಾಕಿಕೊಂಡಿದ್ದರು. ದೊಡ್ಡ ಸ್ಪೀಕರಿನ ಮುಂದೆ ಸ್ಟೂಲು ಹಾಕಿಕೊಟ್ಟೆ. ಎಡಗಿವಿಯನ್ನು ಅದರ ಬಟ್ಟೆಗೆ ಒತ್ತಿ, ಅಂಗೈಯನ್ನು ಮರದ ಮೇಲಿಟ್ಟು ಕೂತರು. ಹತ್ತನೆಯ ಹಾಡು ಹಾಕಿದೆ. ನಾನೂ ಮೊದಲ ಸಲ ಕೇಳುತ್ತಿದ್ದೆ. ವಾದ್ಯಗಳು ಹಿಂದೆ ಸರಿಯುವುದು ಎಲ್ಲಿ ಬಂತು, ದಪ್ಪ ದನಿಯ ಒಬ್ಬ ಗಂಡಸು, ಅವನ ಜೊತೆ ಅಕಾರ್ಡಿಯನ್, ಇಬ್ಬರೂ ಕುಡಿದು ಮನೆಗೆ ಹೊರಟ ಹಾಗೆ ಹಾಡಿ, ಕೊನೆಗೆ ಮೂರು ಏಟು ಕಾಲು ಕುಟ್ಟಿ ನಿಲ್ಲಿಸಿಬಿಟ್ಟರು.

ಹಾತ್ಸು ಕದಲಲಿಲ್ಲ. ಡಿಸ್ಕು ನಿಂತಿತು. ಆಮೇಲೆ ನನ್ನ ಕಡೆ ತಿರುಗಿದರು.

'ಮಗು ಎಣಿಸ್ತಾ?'

ನಾನು ಹೌದೆಂದು ತಲೆ ಆಡಿಸಿದೆ.

'ಏಳರ ತನಕ?'

ಏಳು ಬೆರಳು ಎತ್ತಿ ತೋರಿಸಿದೆ. ಇವತ್ತಿಗೂ ಆ ಬೆರಳು ನೋಡಿಕೊಂಡರೆ ನಾಚಿಕೆಯಾಗುತ್ತದೆ.

'ನಂಗೆ ಒಂದೂ ಕೇಳಿಸ್ಲಿಲ್ಲ' ಎಂದರು. ಆ ಒಂದು ಮಾತನ್ನು ಮಾತ್ರ ಜೋರಾಗಿ ಹೇಳಲಿಲ್ಲ. 'ಹಂಗಾದ್ರೆ ಮುಗೀತು. ಇದೂ ಹೋಯ್ತು.' ತಲೆಗೆ ಶಾಲು ಸುತ್ತಿಕೊಳ್ಳತೊಡಗಿದರು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಗ ನೋಡಿದರೆ ಮಿತ್ಸುಯೆ ಬಾಗಿಲ ಹತ್ತಿರ ನಿಂತಿದ್ದಾರೆ. ಯಾವಾಗ ಬಂದರೋ. 'ಇಲ್ಲ' ಎಂದರು. ಹಾತ್ಸು ಅವರಿಗೆ ಕೇಳಿಸಲಿಲ್ಲ. ಮಿತ್ಸುಯೆ, ಹಾತ್ಸು ಎದುರಿಗೆ ಬಂದು ನಿಂತು, ಮತ್ತೆ ತಮ್ಮ ಎಂದಿನ ಮೆಲುದನಿಯಲ್ಲೇ, ಅದರಲ್ಲಿ ಮಗು ಇಲ್ಲ ಎಂದರು. ಹಾತ್ಸು ಕಿವಿಗೆ ಕೈ ಹಚ್ಚಿ ಏನು ಎಂದರು. ಮಿತ್ಸುಯೆ ಕ್ಲಾಸಿನಲ್ಲಿ ಕೂಡ ದನಿ ಎತ್ತದ ಹೆಂಗಸು, ಬಾಳೆಲ್ಲ ಕಾಗದದ ಮೇಲೆ ಮಾತಾಡಿದವರು. ಅಂಗಡಿಯಲ್ಲಿ ಇನ್ನೂ ಮೂರು ಜನ ಗಿರಾಕಿಗಳಿದ್ದರು. ಅವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದರು:

'ಮಗು ಇಲ್ಲ. ನಿಮ್ಮ ಕಿವಿ ಸರಿಯಾಗಿದೆ. ನಾನು ಬರ್ದಿದ್ದು ಸುಳ್ಳು. ಆ ಹಾಡನ್ನ ನಾನು ಪೂರ್ತಿ ಕೇಳೇ ಇರ್ಲಿಲ್ಲ.'

ಆಮೇಲೆ ಟೇಪಿನ ಕಥೆ, ಫೋನಿನ ಕಥೆ, ಎಲ್ಲವನ್ನೂ ಅದೇ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಬೇಕಾಯಿತು. ಹಾತ್ಸು ನಡುವೆ ಎರಡು ಸಲ ಏನು ಎಂದರು, ಎರಡು ಸಲವೂ ನಾಚಿಕೆಗೇಡಿನ ಭಾಗದಲ್ಲೇ. ಮಿತ್ಸುಯೆ ಮತ್ತೆ ಹೇಳಿದರು. ಕೊನೆಗೆ ಸೊಂಟ ಬಗ್ಗಿಸಿ ತಲೆ ತಗ್ಗಿಸಿದವರು ಎತ್ತಲೇ ಇಲ್ಲ.

ಹಾತ್ಸು, ಮಿತ್ಸುಯೆ ಅವರನ್ನು ಬಿಟ್ಟು ನನ್ನನ್ನು ನೋಡಿದರು.

'ನೀವು ಏಳು ಬೆರಳು ತೋರಿಸಿದ್ರಲ್ಲ.'

ನಾನು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

'ಅವ್ರು ಬರ್ದಿದ್ದು ಸುಳ್ಳು, ಸರಿ. ಕತೆ ಅಂತ ಓದ್ಕೊಂಡೆ. ನೀವು ಮಾತ್ರ, ಇನ್ನೊಂದು ನಿಮಿಷ ಬಿಟ್ಟಿದ್ರೆ, ನನ್ನ ಕಿವಿ ಆಸೇನ ನನ್ನ ಕೈಲೇ ಬಿಡಿಸ್ಬಿಡ್ತಿದ್ರಿ.'

ಡಿಸ್ಕನ್ನೂ ತೆಗೆದುಕೊಳ್ಳದೆ ಹೊರಟುಹೋದರು. ಪುಸ್ತಿಕೆಯನ್ನು ಸ್ಟೂಲಿನ ಮೇಲೆ ಬಿಟ್ಟಿದ್ದರು.

ಮಿತ್ಸುಯೆ ಕಂಪನಿಗೆ ಪತ್ರ ಬರೆದರು. ನಡೆದದ್ದನ್ನು ತಿಳಿಸಿ, ಇನ್ನು ಟಿಪ್ಪಣಿ ಬರೆಯುವುದಿಲ್ಲ ಎಂದರು. ಉತ್ತರದಲ್ಲಿ ಹಳೆಯ ವಿಷಯ, ಡಿಸ್ಕೂ ಈಗ ಅಚ್ಚಿನಲ್ಲಿಲ್ಲ, ಮರೆತುಬಿಡಿ ಎಂದಿತ್ತು. ಕಂಪನಿ ಮರೆತರೂ ಅವರು ಮರೆಯುವವರಲ್ಲ. ತಾವೇ ಇನ್ನೂರು ಚೀಟಿ ಅಚ್ಚು ಹಾಕಿಸಿ ನನ್ನ ಅಂಗಡಿಗೆ ತಂದರು. ಆ ಡಿಸ್ಕಿನ ಹಳೆಯ ಪ್ರತಿ ಯಾವಾಗ ಕೈಗೆ ಬಂದರೂ ಒಂದೊಂದು ಸೇರಿಸಬೇಕು ಎಂದರು. ಸೇರಿಸಿದ್ದೇನೆ, ಈವರೆಗೆ ಮೂವತ್ತೊಂದು. ಅದರಲ್ಲಿ ಇರುವುದು ಇಷ್ಟೇ: 'ಹತ್ತನೆಯ ಹಾಡಿನ ಬಗ್ಗೆ ನಾನು ಬರೆದದ್ದು ನಾನು ಕೇಳಿದ್ದಲ್ಲ. ಕ್ಷಮಿಸಿ. ಸವಾಗುಚಿ ಮಿತ್ಸುಯೆ.' ಕೆಳಗೆ ನನ್ನ ಮೊಹರು ನಾನೇ ಹಾಕಿದ್ದು. ಆ ಬೆರಳುಗಳ ಲೆಕ್ಕದಲ್ಲಿ ಅದು ನನ್ನ ಕ್ಷಮಾಪಣೆ. ಒಸಾಕಾದವರೇ, ನಿಮ್ಮ ಮೊರಿಯೊಕಾ ಆವೃತ್ತಿ ಎಂದರೆ ಇದು.

ಮಿತ್ಸುಯೆ ತೀರಿಕೊಂಡು ನಾಲ್ಕು ವರ್ಷವಾಯಿತು. ಕೊನೆಯವರೆಗೂ ಕಂಪನಿಗೆ ಮತ್ತೆ ಬರೆಯಲಿಲ್ಲ. ಬರೆಯುವುದನ್ನೇ ಬಿಟ್ಟರು ಎಂದರೆ ಮಾತ್ರ ಅದೂ ಸುಳ್ಳಾಗುತ್ತದೆ.

ಆ ಶನಿವಾರ ಕಳೆದು ಮೂರನೆಯ ಗುರುವಾರ. ಹೊರಗೆ ಹಿಮ ಬೀಳುತ್ತಿತ್ತು. ನಾವಿಬ್ಬರೂ ಒಲೆಯ ಎರಡು ಕಡೆ ಕೂತಿದ್ದೆವು. ಹಾತ್ಸು ಬಾಗಿಲು ನೂಕಿಕೊಂಡು ಬಂದರು. ನಮಸ್ಕಾರ ಕೂಡ ಇಲ್ಲ. ಕೈಚೀಲದಿಂದ ಒಂದು ದೊಡ್ಡ ಬಿಳಿ ಹಾಳೆ, ಕಾರ್ಖಾನೆಯಲ್ಲಿ ಪೆಟ್ಟಿಗೆಗಳ ಮೇಲೆ ಹೆಸರು ಬರೆಯುವ ದಪ್ಪ ಪೆನ್ನು ತೆಗೆದು ಮಿತ್ಸುಯೆ ಅವರ ತೊಡೆಯ ಮೇಲಿಟ್ಟರು.

'ಈಗ ಕೇಳಿ. ನನ್ನ ಎದುರಿಗೇ ಕೇಳಿ. ಕೇಳಿ ಬರೀರಿ.'

ನಾನು ಹಾಡು ಹಾಕಿದೆ. ಮಿತ್ಸುಯೆ ಕಣ್ಣು ಮುಚ್ಚಿ ಕೇಳಿದರು. ಎರಡನೆಯ ಸಲ ಹಾಕಿದೆ. ಮೂರನೆಯ ಸಲ ಹಾಕಿದೆ. ಆಮೇಲೆ ಪೆನ್ನಿನ ಮುಚ್ಚಳ ತೆಗೆದರು. ದೊಡ್ಡ ಅಕ್ಷರದಲ್ಲಿ, ಮಕ್ಕಳಿಗೆ ಬೋರ್ಡಿನ ಮೇಲೆ ಬರೆಯುವ ಹಾಗೆ ಬರೆದರು. ಗಂಡಸಿನ ದಪ್ಪ ದನಿ. ಅಕಾರ್ಡಿಯನ್ ಎಡಗಡೆಯಿಂದ. ಎರಡನೆಯ ಚರಣದಲ್ಲಿ ಅವನು ಉಸಿರು ಎಳೆದುಕೊಳ್ಳುತ್ತಾನೆ, ಅದು ಮರದ ಮೇಲೆ ಕೈಯಿಟ್ಟರೆ ತಿಳಿಯುತ್ತದೆ. ಕೊನೆಗೆ ನೆಲದ ಮೇಲೆ ಮೂರು ಏಟು ಕಾಲು. ಮಗು ಇಲ್ಲ.

ಹಾತ್ಸು ಹಾಳೆಯನ್ನು ತೆಗೆದುಕೊಂಡು ಸ್ಪೀಕರಿನ ಮುಂದೆ ಕೂತರು. ಎಡಗಿವಿ ಬಟ್ಟೆಗೆ, ಅಂಗೈ ಮರಕ್ಕೆ, ಕಣ್ಣು ಹಾಳೆಗೆ. ನಾಲ್ಕನೆಯ ಸಲ ಹಾಡು ಹಾಕಿದೆ. ಉಸಿರಿನ ಜಾಗ ಬಂದಾಗ ಅವರ ಬೆರಳು ಆ ಸಾಲಿನ ಮೇಲೆ ನಿಂತಿತು. ಮೂರು ಏಟಿಗೆ ಮೂರು ಸಲ ತಲೆ ಆಡಿತು. ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ. ಮಿತ್ಸುಯೆ, ಪರೀಕ್ಷೆ ಬರೆದು ಕಾಯುವವರ ಹಾಗೆ, ಪೆನ್ನನ್ನು ಎರಡು ಕೈಯಲ್ಲೂ ಹಿಡಿದು ಕೂತಿದ್ದರು.

ಹಾತ್ಸು ಹಾಳೆಯನ್ನು ನಾಲ್ಕು ಮಡಿಕೆ ಮಾಡಿದರು.

'ಹಳೇದೇ ಚೆನ್ನಾಗಿತ್ತು, ಸೆನ್ಸೇ' ಎಂದರು, ಎಂದಿನಂತೆ ಜೋರಾಗಿ. ಹಾಳೆಯನ್ನು ಕೈಚೀಲಕ್ಕೆ ಹಾಕಿಕೊಂಡು, ಅದರ ಬಾಯಿ ಮುಚ್ಚಿದರು. 'ಆದ್ರೆ ಇದ್ರಲ್ಲಿ ಇರೋದೆಲ್ಲ ನಂಗೆ ಕೇಳಿಸ್ತು. ಬರೋ ಗುರುವಾರ ಇನ್ನೊಂದು ಹಾಡಿಗೆ ಬರ್ಕೊಡಿ.'